ಗುಡ್ಡ ಕಾದ ಊರವರು

ಅಡುಗೆಮನೆಯಲ್ಲಿರುವ ಸ್ಟೀಲ್ ತಟ್ಟೆ, ಲೋಟ, ಚಮಚಗಳಿಗೂ ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೂ ಹಳೆಯ ನಂಟು. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ ತಯಾರಿಸಿದ್ದು ಈ ಊರಿನಲ್ಲೇ. ಚಾಕು, ಕತ್ತರಿ, ಗರಗಸ, ಯಂತ್ರದ ಬಿಡಿಭಾಗ ಎಂದರೆ ಶೆಫೀಲ್ಡ್ ಎನ್ನುವಷ್ಟು ಆ ಹೆಸರು ಲೋಕಪ್ರಸಿದ್ಧ. ಕುಲುಮೆಗಳ ಊರೆಂದ ಮೇಲೆ ಹೊಗೆ, ಮಸಿ, ಇಕ್ಕಟ್ಟಾದ ಮನೆಗಳ ಸಾಲು ಇರಲೇಬೇಕಲ್ಲ. ಅವೆಲ್ಲವೂ ಅಲ್ಲಿ ಧಾರಾಳವಾಗಿದ್ದವು.

ಆದರೆ ಇದೇ ನಗರದ ಮಧ್ಯದಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಹದಿನೈದು ಕಿಲೋಮೀಟರ್ ದಾಟುವುದರೊಳಗೆ ಬಯಲು ಬೆಟ್ಟಗಳ ನಡುವೆ ಇರುತ್ತದೆ. ಕಣ್ಣು ಹಾಯುವಷ್ಟು ದೂರ ಹೆದರ್ ಎಂಬ ನೇರಳೆ ಹೂವಿನ ಕುರುಚಲು, ಕಲ್ಲುಬಂಡೆಗಳ ಅಂಚು, ಮೇಯುವ ಕುರಿಗಳು. ದೊಡ್ಡ ಕೈಗಾರಿಕಾ ನಗರವೊಂದರ ಬಾಗಿಲಲ್ಲೇ ಇಂತಹ ಬಯಲು ಉಳಿದುಕೊಂಡಿರುವುದು ಅಪರೂಪ. ಇಂದು ಶೆಫೀಲ್ಡ್ ನಗರದ ಆಡಳಿತ ವ್ಯಾಪ್ತಿಯ ಸುಮಾರು ಮೂರನೆಯ ಒಂದು ಭಾಗ ರಾಷ್ಟ್ರೀಯ ಉದ್ಯಾನದೊಳಗೇ ಇದೆ.

ಇದು ಪ್ರಕೃತಿ ಕೊಟ್ಟ ವರವಲ್ಲ. ಯಾವ ರಾಜನ ಅಪ್ಪಣೆಯಿಂದಲೂ ಉಳಿದದ್ದಲ್ಲ. ಊರಿನ ಕೆಲವು ಮಂದಿ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ವರ್ಷಗಟ್ಟಲೆ ಕಾಗದ ಬರೆದು, ಚಂದಾ ಎತ್ತಿ, ನಕ್ಷೆ ಬಿಡಿಸಿ, ಸಭೆ ನಡೆಸಿ ಉಳಿಸಿಕೊಂಡದ್ದು. ಅವರು ಹೇಗೆ ಗೆದ್ದರು, ಆ ಗೆಲುವಿಗೆ ಯಾರು ಯಾವ ಬೆಲೆ ತೆತ್ತರು ಎಂಬುದು ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ಒಟ್ಟಿಗೆ ಕುಳಿತು ಓದಬೇಕಾದ ಸಂಗತಿ. ಏಕೆಂದರೆ ಊರು ಬೆಳೆಯುವುದು ಎಲ್ಲ ದೇಶಗಳಲ್ಲೂ ಉಂಟು. ಬೆಳೆಯುವ ಊರು ಹೊಲ ಗುಡ್ಡಗಳನ್ನು ನುಂಗುವುದೂ ಉಂಟು.

ಮನೆಗಳ ಮಹಾಪೂರ

ಮೊದಲ ಮಹಾಯುದ್ಧ 1918ರಲ್ಲಿ ಮುಗಿಯಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಒಳ್ಳೆಯ ಮನೆ ಕೊಡುವುದಾಗಿ ಬ್ರಿಟಿಷ್ ಸರ್ಕಾರ ಮಾತು ಕೊಟ್ಟಿತ್ತು. 1919ರಲ್ಲಿ ಅದಕ್ಕಾಗಿ ಒಂದು ಕಾಯಿದೆಯೂ ಬಂತು. ಪುರಸಭೆಗಳು ಕಟ್ಟಿದವು, ಅವುಗಳಿಗಿಂತ ಹೆಚ್ಚಾಗಿ ಖಾಸಗಿ ಗುತ್ತಿಗೆದಾರರು ಕಟ್ಟಿದರು. 1919ರಿಂದ 1939ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಆ ದೇಶದಲ್ಲಿ ಎದ್ದ ಹೊಸ ಮನೆಗಳ ಸಂಖ್ಯೆ ಸುಮಾರು 40 ಲಕ್ಷ.

ಮನೆ ಬೇಕಾದವರಿಗೆ ಮನೆ ಸಿಕ್ಕಿದ್ದು ಒಳ್ಳೆಯದೇ. ಕೊಳೆಗೇರಿಯ ಕತ್ತಲ ಕೋಣೆಯಿಂದ ಕಿಟಕಿಯಿರುವ ಮನೆಗೆ ಬಂದ ಸಂಸಾರಕ್ಕೆ ಅದು ಹೊಸ ಜನ್ಮ. ತೊಂದರೆಯಾದದ್ದು ಮನೆಯಿಂದಲ್ಲ, ಮನೆ ಎದ್ದ ಸ್ಥಳದಿಂದ. ಆಗ ಬಸ್ಸು ಕಾರುಗಳು ಹೊಸದಾಗಿ ಬಂದಿದ್ದವು. ಊರ ಮಧ್ಯದ ಜಾಗ ದುಬಾರಿ. ಊರ ಹೊರಗಿನ ರಸ್ತೆ ಬದಿಯ ಹೊಲ ಅಗ್ಗ. ರಸ್ತೆ, ನೀರು, ಚರಂಡಿಗೆ ಬೇರೆ ಖರ್ಚಿಲ್ಲದೆ ಹೆದ್ದಾರಿಯ ಎರಡೂ ಕಡೆ ಒಂದು ಸಾಲು ಮನೆ ಕಟ್ಟಿಬಿಟ್ಟರೆ ಲಾಭ ಕೈಗೆ ಬಂದಂತೆಯೇ. ಹೀಗೆ ಒಂದು ಊರಿನಿಂದ ಮುಂದಿನ ಊರಿನವರೆಗೆ ರಿಬ್ಬನ್ ಎಳೆದಂತೆ ಮನೆಗಳ ಸಾಲು ಹಬ್ಬಿತು. ಅದರ ಹಿಂದಿದ್ದ ಹೊಲಕ್ಕೆ ದಾರಿಯಿಲ್ಲ, ಮುಂದಿದ್ದ ರಸ್ತೆಯಲ್ಲಿ ವಾಹನಕ್ಕೆ ವೇಗವಿಲ್ಲ, ಮಕ್ಕಳಿಗೆ ಹತ್ತಿರದಲ್ಲಿ ಶಾಲೆಯಿಲ್ಲ. ಇದನ್ನು ತಡೆಯಲು 1935ರಲ್ಲಿ ಪಾರ್ಲಿಮೆಂಟು ಬೇರೆಯೇ ಕಾಯಿದೆ ಮಾಡಬೇಕಾಯಿತು. ಅಷ್ಟರಲ್ಲಿ ಬಹಳ ಹೊಲ ಹೋಗಿತ್ತು.

ಶೆಫೀಲ್ಡಿನ ಕಾರ್ಮಿಕನಿಗೆ ಈ ಗುಡ್ಡಗಳು ಬರಿಯ ನೋಟವಾಗಿರಲಿಲ್ಲ. ವಾರದಲ್ಲಿ ಆರು ದಿನ ಕುಲುಮೆಯ ಮುಂದೆ ನಿಂತವನಿಗೆ ಭಾನುವಾರ ಎದೆ ತುಂಬ ಉಸಿರಾಡಲು ಇದ್ದ ಒಂದೇ ಜಾಗ ಅದು. ಅಲ್ಲಿನ ದುಡಿಯುವ ಜನ 1900ರಷ್ಟು ಹಿಂದೆಯೇ ಕ್ಲಾರಿಯನ್ ಎಂಬ ಹೆಸರಿನ ಚಾರಣ ಸಂಘ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದರು. ಪಶ್ಚಿಮದ ಅಂಚಿನಲ್ಲಿ ಮನೆಗಳು ಏರಿದರೆ ಆ ಭಾನುವಾರವೂ ಹೋಗುತ್ತಿತ್ತು.

ಒಬ್ಬ ವಿಧವೆಯ ನಿರ್ಧಾರ

ಎಥೆಲ್ ವಾರ್ಡ್ ಹುಟ್ಟಿದ್ದು 1894ರಲ್ಲಿ, ಶೆಫೀಲ್ಡಿನ ಶ್ರೀಮಂತರ ಮನೆಯಲ್ಲಿ. ತಂದೆ ಥಾಮಸ್ ವಾರ್ಡ್ ಹಳೆ ಕಬ್ಬಿಣದ ದೊಡ್ಡ ವ್ಯಾಪಾರಿ. ಯುದ್ಧಕಾಲದಲ್ಲಿ ಕುದುರೆಗಳನ್ನೆಲ್ಲ ಸೈನ್ಯ ಒಯ್ದಾಗ ಈ ವ್ಯಾಪಾರಿ ಪ್ರಾಣಿ ಪ್ರದರ್ಶನದ ತಂಡವೊಂದರಿಂದ ಲಿಜ್ಜಿ ಎಂಬ ಆನೆಯನ್ನು ತರಿಸಿ, ಶೆಫೀಲ್ಡಿನ ಬೀದಿಗಳಲ್ಲಿ ಕಬ್ಬಿಣದ ಗಾಡಿ ಎಳೆಸಿದ್ದರು. ಆ ಊರಿನ ಮಕ್ಕಳಿಗೆ ಇಂದಿಗೂ ಹೇಳುವ ಕಥೆ ಅದು.

ಎಥೆಲ್ ಅವರ ಮೊದಲ ಪತಿ ಸೈನ್ಯದ ಕ್ಯಾಪ್ಟನ್ ಹೆನ್ರಿ ಗ್ಯಾಲಿಮೋರ್ 1917ರಲ್ಲಿ ಯುದ್ಧದಲ್ಲಿ ಮಡಿದರು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಇಪ್ಪತ್ತಮೂರರ ಹರೆಯದಲ್ಲಿ ವಿಧವೆಯಾದ ಎಥೆಲ್ ದುಃಖದಿಂದ ಕಾಯಿಲೆ ಬಿದ್ದರು. ಮನೆಯವರು ಅವರನ್ನು ಊರ ಹೊರಗಿನ ಬೆಟ್ಟಗಳಿಗೆ ಕರೆದೊಯ್ಯತೊಡಗಿದರು. ನಡೆಯುತ್ತ ನಡೆಯುತ್ತ ಅವರು ಚೇತರಿಸಿಕೊಂಡರು. ತಮ್ಮನ್ನು ಬದುಕಿಸಿದ ಬಯಲು ಕಣ್ಣೆದುರೇ ಸೈಟುಗಳಾಗಿ ಒಡೆಯುವುದನ್ನು ನೋಡಿ ಸುಮ್ಮನಿರಲು ಅವರಿಂದಾಗಲಿಲ್ಲ.

1924ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಸಭೆ ಕರೆದರು. ಸ್ಥಳೀಯ ನಿಸರ್ಗ ಸೌಂದರ್ಯದ ರಕ್ಷಣೆಗಾಗಿ ಶೆಫೀಲ್ಡಿನಲ್ಲಿ ಒಂದು ಸಂಘ ಹುಟ್ಟಿತು. ಎರಡು ವರ್ಷಗಳ ನಂತರ, 1926ರಲ್ಲಿ, ನಗರ ಯೋಜನಾ ತಜ್ಞ ಪ್ಯಾಟ್ರಿಕ್ ಅಬರ್‌ಕ್ರಾಂಬಿ ಮೊದಲಾದವರ ಪ್ರಯತ್ನದಿಂದ ಇಡೀ ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶದ ರಕ್ಷಣೆಗೆ ರಾಷ್ಟ್ರೀಯ ಮಂಡಳಿಯೊಂದು ಸ್ಥಾಪನೆಯಾಯಿತು. ಎಥೆಲ್ ಅವರ ಸಂಘ ಅದರ ಸ್ಥಳೀಯ ಶಾಖೆಯಾಯಿತು. ರಾಷ್ಟ್ರೀಯ ಸಂಸ್ಥೆಗಿಂತ ಊರಿನ ಸಂಘವೇ ಮೊದಲು ಹುಟ್ಟಿತ್ತು ಎಂಬುದು ಗಮನಿಸಬೇಕಾದ ಮಾತು.

ಸೋಲಿನಿಂದ ಕಲಿತ ಪಾಠ

ಇಂತಹ ಹೋರಾಟಕ್ಕೆ ಅಲ್ಲಿ ಅರ್ಧ ಶತಮಾನದ ಹಿನ್ನೆಲೆಯಿತ್ತು. ಲಂಡನ್ನಿನ ಸಮಾಜಸೇವಕಿ ಆಕ್ಟೇವಿಯಾ ಹಿಲ್ ಬಡವರಿಗೆ ಸುಸ್ಥಿತಿಯ ಬಾಡಿಗೆ ಮನೆ ಒದಗಿಸುವುದರಲ್ಲಿ ಹೆಸರಾದವರು. ನಗರದ ಉತ್ತರದಲ್ಲಿದ್ದ ಸ್ವಿಸ್ ಕಾಟೇಜ್ ಹೊಲಗಳು ಬಡ ಮಕ್ಕಳು ನಡೆದು ಹೋಗಬಹುದಾದ ಹತ್ತಿರದ ಬಯಲು. 1875ರಲ್ಲಿ ಅಲ್ಲಿ ಮನೆ ಕಟ್ಟುವ ಸುದ್ದಿ ಬಂದಾಗ ಆಕೆ ಕೆಲವೇ ವಾರಗಳಲ್ಲಿ ಚಂದಾ ಎತ್ತಿ ದೊಡ್ಡ ಮೊತ್ತ ಕೂಡಿಸಿದರು. ಅಷ್ಟರಲ್ಲಿ ಮಾಲೀಕರು ಮಾರಲು ಒಪ್ಪದೆ ಹಿಂದೆ ಸರಿದರು. ಹೊಲ ಹೋಯಿತು, ಮನೆಗಳು ಎದ್ದವು.

ಆಕ್ಟೇವಿಯಾ ಹಿಲ್ ಆ ಸೋಲನ್ನು ಅಷ್ಟಕ್ಕೇ ಬಿಡಲಿಲ್ಲ. ಊರಿನ ಸುತ್ತ ಹಸಿರು ಪಟ್ಟಿ ಇರಬೇಕೆಂಬ ಮಾತನ್ನು ಆಡಿದ ಮೊದಲಿಗರಲ್ಲಿ ಆಕೆಯೂ ಒಬ್ಬರು. 1889ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಹಿಲ್ ಬಯಲು ಸಾರ್ವಜನಿಕರದಾಗಲು ನಡೆದ ಪ್ರಯತ್ನದಲ್ಲೂ ಆಕೆಯ ಪಾಲಿತ್ತು. 1895ರಲ್ಲಿ ವಕೀಲ ರಾಬರ್ಟ್ ಹಂಟರ್, ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಅವರೊಂದಿಗೆ ಸೇರಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ಜನರ ಪರವಾಗಿ ಭೂಮಿಯನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಸಂಸ್ಥೆ ಅದು. ಮಾಲೀಕರ ಮನಸ್ಸು ಬದಲಾದರೆ ಎಲ್ಲವೂ ಮುಗಿಯಿತು ಎಂಬ ಸ್ಥಿತಿಗೆ ಒಂದು ಉತ್ತರ ಅಲ್ಲಿ ಸಿಕ್ಕಿತು. ಬಡವರಿಗೆ ಮನೆ ಬೇಕು ಎಂದು ದುಡಿದವರೇ ಬಡವರಿಗೆ ಬಯಲೂ ಬೇಕು ಎಂದದ್ದು ಈ ಕಥೆಯಲ್ಲಿ ಮರೆಯಬಾರದ ಅಂಶ.

ಕೊಂಡು ಉಳಿಸಿದ್ದು

ಶೆಫೀಲ್ಡಿನ ಸಂಘಕ್ಕೆ ಮೊದಲ ದೊಡ್ಡ ಪರೀಕ್ಷೆ ಬಂದದ್ದು 1927ರಲ್ಲಿ. ಊರಿನ ನೈಋತ್ಯಕ್ಕಿದ್ದ ಲಾಂಗ್‌ಶಾ ಎಂಬ ದೊಡ್ಡ ಎಸ್ಟೇಟು ರಟ್ಲೆಂಡ್ ಡ್ಯೂಕರದು. ಶಿಕಾರಿಗೆಂದು ಇಟ್ಟುಕೊಂಡಿದ್ದ ಆ ಜಮೀನು ಮಾರಾಟಕ್ಕೆ ಬಂತು. ಕೊಂಡವರು ಬಡಾವಣೆ ಮಾಡಿದರೆ ಕೇಳುವವರಿಲ್ಲ. ಎಥೆಲ್ ಮತ್ತು ಸಂಗಡಿಗರು ಸಾರ್ವಜನಿಕ ನಿಧಿ ಸಂಗ್ರಹಕ್ಕೆ ಇಳಿದರು. ಪತ್ರಿಕೆಗಳಿಗೆ ಬರೆದರು, ಸಂಘ ಸಂಸ್ಥೆಗಳ ಬಾಗಿಲು ತಟ್ಟಿದರು. ಉಳ್ಳವರು ಹೆಚ್ಚು ಕೊಟ್ಟರು. ಭಾನುವಾರದ ಚಾರಣಿಗರು ತಮ್ಮ ಕೈಲಾದದ್ದು ಕೊಟ್ಟರು. 747 ಎಕರೆ ಜಮೀನನ್ನು ಕೊಂಡುಕೊಂಡು 1931ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈಗೆ ಒಪ್ಪಿಸಿದರು. ಇಂದಿಗೂ ಯಾರು ಬೇಕಾದರೂ ಅಲ್ಲಿ ನಡೆದಾಡಬಹುದು.

ಹಾಗೆಯೇ ಅಂಚೆ ಮೂಲಕ ಸರಕು ಮಾರಿ ಶ್ರೀಮಂತರಾಗಿದ್ದ ಜೆ. ಜಿ. ಗ್ರೇವ್ಸ್ ಎಂಬ ವರ್ತಕರು ಬ್ಲಾಕಾ ಮೂರ್ ಎಂಬ ಗುಡ್ಡದ ಬಯಲನ್ನು ಕೊಂಡು 1933ರಲ್ಲಿ ನಗರಕ್ಕೆ ದಾನ ಮಾಡಿದರು. ಊರು ತನಗೆ ಕೊಟ್ಟದ್ದನ್ನು ಊರಿಗೆ ಮರಳಿಸಿದ ವರ್ತಕ ಎಂದು ಅವರನ್ನು ಅಲ್ಲಿ ನೆನೆಯುತ್ತಾರೆ.

ಆದರೆ ಲೆಕ್ಕ ಬಲ್ಲ ಯಾರಿಗಾದರೂ ಇಲ್ಲಿ ಒಂದು ಪ್ರಶ್ನೆ ಏಳಬೇಕು. ಎಷ್ಟು ಎಂದು ಕೊಂಡಾರು? ಒಂದು ಗುಡ್ಡ ಕೊಂಡರೆ ಅದರ ಪಕ್ಕದ ಹೊಲದ ಬೆಲೆ ಏರುತ್ತದೆ. ಚೆಂದದ ನೋಟವಿರುವ ಮನೆ ಎಂದು ಜಾಹೀರಾತು ಕೊಟ್ಟು ಅಲ್ಲೇ ಕಟ್ಟುತ್ತಾರೆ. ಚಂದಾ ಪೆಟ್ಟಿಗೆಯಿಂದ ಇಡೀ ಗ್ರಾಮಾಂತರವನ್ನು ಕೊಳ್ಳುವುದು ಚೊಂಬಿನಿಂದ ಕೆರೆ ತುಂಬಿಸಿದಂತೆ. ಈ ಸತ್ಯ ಆ ಸ್ವಯಂಸೇವಕರಿಗೆ ಬಹುಬೇಗ ಅರಿವಾಯಿತು.

ನಕ್ಷೆಯ ಬಲ

1936ರಲ್ಲಿ ಜೆರಾಲ್ಡ್ ಹೇಥಾರ್ನ್‌ತ್ವೇಟ್ ಎಂಬ ತರುಣ ವಾಸ್ತುಶಿಲ್ಪಿ ಸಂಘಕ್ಕೆ ಸೇರಿದರು. ಮರುವರ್ಷ ಎಥೆಲ್ ಮತ್ತು ಜೆರಾಲ್ಡ್ ಮದುವೆಯಾದರು. ಎಥೆಲ್ ಅವರಿಗೆ ಜನರನ್ನು ಒಗ್ಗೂಡಿಸುವ ಶಕ್ತಿಯಿತ್ತು; ಜೆರಾಲ್ಡ್ ಅವರಿಗೆ ನಕ್ಷೆ ಓದುವ, ಬರೆಯುವ ವಿದ್ಯೆಯಿತ್ತು. ಇಬ್ಬರೂ ನಗರದ ಸುತ್ತಲಿನ ಪ್ರದೇಶವನ್ನು ನೋಡಿ, ಯಾವ ಭಾಗದಲ್ಲಿ ಊರು ಬೆಳೆಯಬಹುದು, ಯಾವ ಭಾಗದಲ್ಲಿ ಬೆಳೆಯಬಾರದು ಎಂದು ನಗರಸಭೆಯ ಮುಂದೆ ವಾದಿಸಿದರು. 1938ರಲ್ಲಿ ಶೆಫೀಲ್ಡ್ ನಗರಸಭೆ ತಾತ್ಕಾಲಿಕವಾಗಿ ಒಂದು ಹಸಿರು ಪಟ್ಟಿಯನ್ನು ಒಪ್ಪಿಕೊಂಡಿತು. ಕಾನೂನಿನ ಅಂತಿಮ ಮುದ್ರೆ ಬೀಳಲು 1980ರ ದಶಕದವರೆಗೆ ಕಾಯಬೇಕಾದರೂ, ಆ ಗೆರೆಯನ್ನು ಒಮ್ಮೆ ಎಳೆದ ಮೇಲೆ ದಾಟುವುದು ಸುಲಭವಾಗಲಿಲ್ಲ.

ಅವರ ಕೆಲಸದ ರೀತಿ ಕಲಿಯುವಂತಹುದು. ಮೊದಲನೆಯದು, ತಿಳಿದು ಮಾತನಾಡುವುದು. ಯಾವ ಸರ್ವೆ, ಯಾರ ಜಮೀನು, ಎಷ್ಟು ಮನೆ, ನೀರು ಎಲ್ಲಿಂದ, ಮಕ್ಕಳ ಶಾಲೆ ಎಲ್ಲಿ ಎಂಬ ವಿವರ ಕೈಯಲ್ಲಿಟ್ಟುಕೊಂಡೇ ಆಕ್ಷೇಪಣೆ ಸಲ್ಲಿಸುವುದು. ಎರಡನೆಯದು, ಬರಿಯ ಬೇಡ ಎನ್ನದೆ ಬದಲಿ ತೋರಿಸುವುದು. ರಾಷ್ಟ್ರೀಯ ಮಂಡಳಿಯ ಶಾಖೆಗಳಲ್ಲಿ ವಾಸ್ತುಶಿಲ್ಪಿಗಳ ಸಲಹಾ ತಂಡಗಳಿದ್ದವು. ಕಟ್ಟಲೇಬೇಕಾದ ಮನೆ ಊರಿಗೆ ಒಪ್ಪುವಂತಿರಲಿ ಎಂದು ಅವು ಸಲಹೆ ಕೊಡುತ್ತಿದ್ದವು. ಮೂರನೆಯದು, ಬಿಡದೆ ಹಿಡಿಯುವುದು. ಎಥೆಲ್ ಒಂದೆರಡು ವರ್ಷ ಕೂಗಾಡಿ ಮನೆಗೆ ಹೋದವರಲ್ಲ. ಆ ಕೆಲಸದಲ್ಲಿ ದಶಕಗಳನ್ನೇ ಕಳೆದರು.

ಬೇಲಿ ಹಾರಿದ ಹುಡುಗರು

ಈ ಕಥೆಗೆ ಇನ್ನೊಂದು ಮುಖವಿದೆ. ಮನೆ ಕಟ್ಟದಂತೆ ತಡೆದ ಮಾತ್ರಕ್ಕೆ ಬಯಲು ಬಡವನದಾಗುವುದಿಲ್ಲ. ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಬಹುಭಾಗ ಶ್ರೀಮಂತರ ಶಿಕಾರಿ ಭೂಮಿ. ಕಾವಲುಗಾರರು ದೊಣ್ಣೆ ಹಿಡಿದು ಚಾರಣಿಗರನ್ನು ಓಡಿಸುತ್ತಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಕಡೆಯ ನೂರಾರು ಕಾರ್ಮಿಕ ತರುಣರು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಒಟ್ಟಾಗಿ ಅತಿಕ್ರಮ ಪ್ರವೇಶ ಮಾಡಿದರು. ಅವರ ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಐವರು ತರುಣರಿಗೆ ಜೈಲಾಯಿತು. ಶಿಕ್ಷೆಯ ಸುದ್ದಿ ಕೇಳಿ, ಅತಿಕ್ರಮವನ್ನು ಒಪ್ಪದಿದ್ದ ಚಾರಣಿಗರೂ ಮರುಗಿದರು.

ಎಥೆಲ್ ಅವರದು ಮನವಿ, ಮಾತುಕತೆ, ನಕ್ಷೆಗಳ ದಾರಿ. ಈ ಹುಡುಗರದು ಬೇಲಿ ಹಾರುವ ದಾರಿ. ಎರಡೂ ದಾರಿಗಳು ಕೊನೆಗೆ ಒಂದೇ ಕಡೆ ತಲುಪಿದವು. 1945ರಲ್ಲಿ ಸರ್ಕಾರ ನೇಮಿಸಿದ ರಾಷ್ಟ್ರೀಯ ಉದ್ಯಾನಗಳ ಸಮಿತಿಯಲ್ಲಿ ಎಥೆಲ್ ಸದಸ್ಯರಾಗಿದ್ದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮತ್ತು ಗ್ರಾಮಾಂತರ ಪ್ರವೇಶದ ಕಾಯಿದೆ ಬಂತು. 1951ರ ಏಪ್ರಿಲ್‌ನಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 1,437 ಚದರ ಕಿಲೋಮೀಟರ್. ಉದ್ಯಾನದ ಗಡಿಯಲ್ಲಿ ಹೋಗುವ ರಸ್ತೆಗಳ ಪಕ್ಕದಲ್ಲಿ ಆ ಸೀಮೆಯ ಹಳೆಯ ಬೀಸುವ ಕಲ್ಲುಗಳನ್ನೇ ಗುರುತಾಗಿ ನಿಲ್ಲಿಸಿದ್ದಾರೆ. ನಮ್ಮ ಕಡೆಯ ಕಾಡಿನಂತೆ ಜನವಸತಿ ಇಲ್ಲದ ಉದ್ಯಾನ ಅದಲ್ಲ. ಅದರೊಳಗೆ ಹಳ್ಳಿಗಳಿವೆ, ಹೊಲಗಳಿವೆ, ಸಂಸಾರಗಳಿವೆ. ಮನೆ ಕಟ್ಟಲು ಮಾತ್ರ ಕಟ್ಟುನಿಟ್ಟಿನ ನಿಯಮವಿದೆ.

ಇದಕ್ಕಿಂತ ದೊಡ್ಡ ಬದಲಾವಣೆ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿಂದ ಆಗಿತ್ತು. ಭೂಮಿ ನನ್ನದು, ಅದರ ಮೇಲೆ ಕಟ್ಟುವ ಹಕ್ಕೂ ನನ್ನದೇ ಎಂಬ ಹಳೆಯ ವಾದವನ್ನು ಆ ಕಾಯಿದೆ ಮುರಿಯಿತು. ಭೂಮಿ ಮಾಲೀಕನದೇ ಆಗಿ ಉಳಿಯಿತು. ಕಟ್ಟಲು ಮಾತ್ರ ಸಮಾಜದ ಅನುಮತಿ ಬೇಕಾಯಿತು. ಹಿಂದೆ ಅನುಮತಿ ನಿರಾಕರಿಸಿದರೆ ಪರಿಹಾರ ಕೊಡಬೇಕಾದೀತೆಂದು ಹೆದರುತ್ತಿದ್ದ ನಗರಸಭೆಗಳಿಗೆ ಈಗ ಧೈರ್ಯ ಬಂತು. 1955ರಲ್ಲಿ ಸಚಿವ ಡಂಕನ್ ಸ್ಯಾಂಡ್ಸ್ ದೇಶದ ಇತರ ನಗರಗಳೂ ತಮ್ಮ ಸುತ್ತ ಹಸಿರು ಪಟ್ಟಿ ಗುರುತಿಸುವಂತೆ ಸುತ್ತೋಲೆ ಹೊರಡಿಸಿದರು. ಇಂದು ಇಂಗ್ಲೆಂಡಿನ ಭೂಮಿಯ ಸುಮಾರು ಎಂಟನೆಯ ಒಂದು ಭಾಗ ಹಸಿರು ಪಟ್ಟಿಯಲ್ಲಿದೆ.

ಹಾಗಾದರೆ ಮನೆ ಎಲ್ಲಿ?

ಇಷ್ಟಕ್ಕೇ ನಿಲ್ಲಿಸಿದರೆ ಇದು ಅರ್ಧ ಕಥೆ. ನಾಣ್ಯದ ಇನ್ನೊಂದು ಮುಖವನ್ನು ನೋಡದೆ ಹಾಡಿ ಹೊಗಳುವುದು ವಿದ್ಯಾರ್ಥಿಗಳಿಗೆ ತಕ್ಕದ್ದಲ್ಲ.

ಊರಿನ ಸುತ್ತ ಗೆರೆ ಎಳೆದ ಮೇಲೆ ಒಳಗಿನ ಜಾಗ ಕಡಿಮೆಯಾಯಿತು. ಶೆಫೀಲ್ಡಿನಲ್ಲಿ ಯುದ್ಧದ ನಂತರವೂ ಸಾವಿರಾರು ಸಂಸಾರಗಳು ಕೊಳೆಗೇರಿಯಲ್ಲಿದ್ದವು. ಬೆಟ್ಟ ಒಂದು ಕಡೆ, ಹಸಿರು ಪಟ್ಟಿ ಇನ್ನೊಂದು ಕಡೆ. ನಗರಸಭೆ ಮೇಲಕ್ಕೆ ಬೆಳೆಯಬೇಕಾಯಿತು. ರೈಲು ನಿಲ್ದಾಣದ ಮೇಲಿನ ದಿಣ್ಣೆಯಲ್ಲಿದ್ದ ಕೊಳೆಗೇರಿಯನ್ನು ಕೆಡವಿ, 1957ರಿಂದ 1961ರ ನಡುವೆ ಪಾರ್ಕ್ ಹಿಲ್ ಎಂಬ ಬೃಹತ್ ವಸತಿ ಸಂಕೀರ್ಣ ಕಟ್ಟಿದರು. ಒಂದೇ ಕಡೆ 995 ಮನೆಗಳು. ಮೊದಲಿಗೆ ಜನ ಮೆಚ್ಚಿದರು. ಮುಂದೆ ನಿರ್ವಹಣೆ ಕೆಟ್ಟು, ಊರಿನ ಉಕ್ಕಿನ ಕಾರ್ಖಾನೆಗಳೂ ಮುಚ್ಚಿ, ಹೆಸರು ಕೆಟ್ಟಿತು. ಕೆಡವಬೇಕೆಂಬ ಮಾತು ಬಂದರೂ 1998ರಲ್ಲಿ ಅದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಲಾಯಿತು. ಗುಡ್ಡ ಉಳಿದದ್ದಕ್ಕೆ ಯಾರೋ ಹದಿಮೂರನೆಯ ಅಂತಸ್ತಿನಲ್ಲಿ ಬದುಕಬೇಕಾಯಿತು ಎಂದರೆ ತಪ್ಪಾಗದು.

ಇಂದು ಇಂಗ್ಲೆಂಡಿನಲ್ಲಿ ಮನೆಯ ಬೆಲೆ ತರುಣರ ಕೈಗೆ ಎಟುಕದಷ್ಟು ಏರಿದೆ. ಅದಕ್ಕೆ ಹಸಿರು ಪಟ್ಟಿಯೂ ಒಂದು ಕಾರಣ ಎಂದು ಅರ್ಥಶಾಸ್ತ್ರಜ್ಞರು ಹಲವರು ವಾದಿಸುತ್ತಾರೆ. ಊರ ಹೊರಗೆ ಚೆಂದದ ಮನೆ ಮಾಡಿಕೊಂಡವರೇ ಇನ್ನೊಬ್ಬರ ಮನೆಗೆ ಅಡ್ಡ ಬರುತ್ತಾರೆ ಎಂಬ ದೂರು ಹಳೆಯದು. ಎಲ್ಲಾದರೂ ಕಟ್ಟಿ, ನನ್ನ ಹಿತ್ತಲಲ್ಲಿ ಮಾತ್ರ ಬೇಡ ಎನ್ನುವವರಿಗೆ ಅಲ್ಲಿ ನಿಂಬಿ ಎಂಬ ಅಡ್ಡಹೆಸರೇ ಇದೆ. ಈ ದೂರಿನಲ್ಲಿ ಹುರುಳಿಲ್ಲದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಯೋಜನಾ ನೀತಿಯನ್ನು ಬದಲಿಸಿತು. ಹಸಿರು ಪಟ್ಟಿಯಲ್ಲಿ ಹೆಚ್ಚಿನ ಮಹತ್ವವಿಲ್ಲದ ಭಾಗಗಳನ್ನು ಗ್ರೇ ಬೆಲ್ಟ್ ಎಂದು ಕರೆದು ಮನೆ ಕಟ್ಟಲು ದಾರಿ ಮಾಡಿತು. ಒಂದು ಸಂಸತ್ತಿನ ಅವಧಿಯಲ್ಲಿ 15 ಲಕ್ಷ ಮನೆ ಕಟ್ಟಿಸುವುದು ಅದರ ಗುರಿ.

ಊರುಗಳ ಸ್ವಯಂಸೇವಕರ ಉತ್ತರವೂ ತೂಕದ್ದೇ. ಮುಚ್ಚಿದ ಕಾರ್ಖಾನೆ, ಹಳೆಯ ಗೋದಾಮು, ಪಾಳು ಬಿದ್ದ ನಿಲ್ದಾಣ ಹೀಗೆ ಒಮ್ಮೆ ಬಳಸಿ ಬಿಟ್ಟ ಜಾಗ ಊರೊಳಗೇ ಬೇಕಾದಷ್ಟಿದೆ. ಮೊದಲು ಅಲ್ಲಿ ಕಟ್ಟಿ ಎನ್ನುತ್ತಾರೆ ಅವರು. 1926ರಲ್ಲಿ ಹುಟ್ಟಿದ ಆ ಮಂಡಳಿ ಈಗಲೂ ಇದೆ. ನಗರಸಭೆಗಳ ದಾಖಲೆಗಳನ್ನು ಕೂಡಿಸಿ ಅದು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂತಹ ಜಾಗಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಮನೆ ಕಟ್ಟಬಹುದಾಗಿತ್ತು. ಬಿಟ್ಟ ಜಾಗವನ್ನು ಶುಚಿಗೊಳಿಸಿ ಕಟ್ಟಲು ಖರ್ಚು ಹೆಚ್ಚು, ಬೇಕಾದ ಊರಿನಲ್ಲೇ ಅದು ಸಿಗುವುದಿಲ್ಲ ಎನ್ನುತ್ತಾರೆ ಕಟ್ಟುವವರು. ವಾದ ನಡೆದೇ ಇದೆ. ಗಮನಿಸಬೇಕಾದದ್ದು ಇಷ್ಟು: ಕಟ್ಟಬೇಡಿ ಎನ್ನುವವನಿಗೆ ಎಲ್ಲಿ ಕಟ್ಟಬೇಕು ಎಂದು ಹೇಳುವ ಹೊಣೆಯೂ ಇದೆ. ಆ ಹೊಣೆ ಹೊತ್ತವನ ಮಾತಿಗೆ ಬೆಲೆ; ಹೊರದವನದು ಬರಿಯ ಸ್ವಾರ್ಥ.

ನಮ್ಮ ಮನೆ ಬಾಗಿಲಲ್ಲಿ

ಇದೆಲ್ಲ ದೂರದ ಮಾತೆಂದು ತೋರಬಹುದು. ಆದರೆ ಕರ್ನಾಟಕದಲ್ಲಿ ಇಂದು ಜಾರಿಯಲ್ಲಿರುವ ಕಾಯಿದೆಯ ಹೆಸರೇ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961. ಹೆಸರಿನಲ್ಲೇ ಅದರ ಮೂಲ ಕಾಣುತ್ತದೆ. ಬೆಂಗಳೂರಿನ 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ನಗರದ ಸುತ್ತ ಹಸಿರು ವಲಯವೊಂದನ್ನು ಗುರುತಿಸಲಾಗಿತ್ತು. 1995ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಯೋಜನೆ ಪರಿಷ್ಕರಣೆಯಾದಾಗ ಕಟ್ಟಡಗಳ ಪ್ರದೇಶ ಹಿಗ್ಗಿತು, ಹಸಿರು ಕುಗ್ಗಿತು. ಕಾಗದದ ಮೇಲೆ ಕುಗ್ಗುವ ಮೊದಲೇ ಕಂದಾಯ ಬಡಾವಣೆಗಳ ರೂಪದಲ್ಲಿ ನೆಲದ ಮೇಲೆ ಕುಗ್ಗಿದ್ದೂ ಉಂಟು. ರಾಗಿ ಹೊಲದಲ್ಲಿ ಕಲ್ಲು ನೆಟ್ಟು, ಮಣ್ಣಿನ ರಸ್ತೆ ಎಳೆದು, ಸೈಟು ಮಾರಿ ಹೋದವರ ನಂತರ ನೀರು, ಚರಂಡಿ, ಖಾತೆಗಾಗಿ ಅಲೆದ ಸಂಸಾರಗಳು ಎಷ್ಟೋ. ಯೋಜನೆಯಿಲ್ಲದೆ ಹಬ್ಬಿದ ಊರಿನಲ್ಲಿ ರೈತನೂ ಸೋಲುತ್ತಾನೆ, ಸೈಟು ಕೊಂಡವನೂ ಸೋಲುತ್ತಾನೆ.

ನಮ್ಮ ಕಾಯಿದೆಯೂ ನಾಗರಿಕನ ಕೈಗೆ ಒಂದು ಸಾಧನ ಕೊಟ್ಟಿದೆ. ಯಾವ ಊರಿನ ಮಹಾಯೋಜನೆಯೇ ಆಗಲಿ, ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆ ಕರೆಯಬೇಕು. ಆ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ; ಓದುವವರು ಕೆಲವರೇ. ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳು ಇಲ್ಲಿಂದ ಆರಂಭಿಸಬಹುದು. ತಮ್ಮ ಊರಿನ ಸರ್ವೆ ನಕ್ಷೆ ನೋಡಲು ಕಲಿಯಬೇಕು. ಕೆರೆ ಯಾವುದು, ರಾಜಕಾಲುವೆ ಎಲ್ಲಿ ಹರಿಯುತ್ತದೆ, ಗೋಮಾಳ ಎಷ್ಟಿತ್ತು, ಈಗ ಎಷ್ಟಿದೆ ಎಂದು ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ತಂದೆ ತಾಯಿಯರು ಮನೆಗೆಂದು ಸೈಟು ನೋಡಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಲಿ. ಆ ನೆಲ ಮೊದಲು ಏನಾಗಿತ್ತು ಎಂಬ ಪ್ರಶ್ನೆಯನ್ನು ಮಕ್ಕಳ ಎದುರೇ ಕೇಳಲಿ. ಉತ್ತರ ಹಿತವಾಗಿಲ್ಲದಿದ್ದರೆ ಅಗ್ಗದ ಬೆಲೆಗೆ ಮರುಳಾಗದೆ ಹಿಂದಿರುಗಲಿ. ನಾಗರಿಕ ಶಾಸ್ತ್ರದ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಎಥೆಲ್ ಹೇಥಾರ್ನ್‌ತ್ವೇಟ್ 1986ರಲ್ಲಿ ತೀರಿಕೊಂಡರು. ಅವರಿಗಾಗ ತೊಂಬತ್ತೆರಡು ವರ್ಷ. ಸೇತುವೆ ಕಟ್ಟಿಸಿದವರ ಸಾಧನೆ ಸೇತುವೆಯಾಗಿ ನಿಲ್ಲುತ್ತದೆ, ಶಾಲೆ ಕಟ್ಟಿಸಿದವರದು ಶಾಲೆಯಾಗಿ. ಬಯಲು ಉಳಿಸಿದವರ ಸಾಧನೆ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಏನೂ ಇಲ್ಲದಿರುವುದೇ ಅವರ ಸಾಧನೆ. ಲಾಂಗ್‌ಶಾ ಗುಡ್ಡದಲ್ಲಿ ಇಂದು ಬುತ್ತಿ ಬಿಚ್ಚುವ ಮಕ್ಕಳಿಗೆ ಆ ನೆಲ ಒಮ್ಮೆ ಮಾರಾಟಕ್ಕಿತ್ತು ಎಂಬುದೇ ಗೊತ್ತಿರಲಾರದು. ಹಾಗೆ ಗೊತ್ತಿಲ್ಲದೆ ಆಡುವಷ್ಟು ನೆಮ್ಮದಿಯನ್ನು ಆ ಊರವರು ಮುಂದಿನವರಿಗೆ ಬಿಟ್ಟುಹೋಗಿದ್ದಾರೆ.